ನೂರು ಮಾತುಕತೆ ಮುಗಿದ ಹೊತ್ತಿನಲ್ಲಿ

ಕಳೆದ ವಾರ ನನ್ನ ನೂರನೆಯ ರೇಡಿಯೋ ಮಾತುಕತೆ ಪ್ರಸಾರವಾಯಿತು. ಅವತ್ತು ಸಾಗರದಲ್ಲಿ ಜೋರು ಮಳೆ. ಕರೆಂಟ್ ಇರಲಿಲ್ಲ. ನಾನೂ ನನ್ನ ಹೆಂಡತಿಯೂ ಅಡುಗೆಮನೆಯಲ್ಲಿ ಹಳೆಯ ಟ್ರಾನ್ಸಿಸ್ಟರ್‌ಗೆ ಹೊಸ ಸೆಲ್ ಹಾಕಿ ಕೇಳಿದೆವು. ಮುಗಿದ ಮೇಲೆ ಅವಳು, "ದನಿ ಪೂರ್ತಿ ವಾಪಸ್ ಬಂದಿದೆ ನೋಡಿ" ಎಂದಳು. ಆ ರಾತ್ರಿ ನಿದ್ದೆ ಬರಲಿಲ್ಲ. ಇದಕ್ಕೆ ನೆರವಾದ ಇಷ್ಟು ಜನರಿಗೆ ಕೃತಜ್ಞತೆಯ ಒಂದು ಮಾತು ಹೇಳದೆ ಸುಮ್ನೆ ಇರುವುದು ಸರಿಯಲ್ಲ ಅನ್ನಿಸಿತು.

20 ವರ್ಷದಿಂದ ಒಂದು ಸಣ್ಣ ಮಾಸಪತ್ರಿಕೆ ನಡೆಸುತ್ತಿದ್ದೇನೆ. ರಾಜಕೀಯ, ನಾಟಕ, ಯಕ್ಷಗಾನ, ಜಮೀನು, ಕಾಡು ಎಲ್ಲವೂ ಅದರಲ್ಲಿ ಬರುತ್ತದೆ. ಪತ್ರಿಕೆ ಮಾಡುವವನಿಗೆ ಬೇರೆಯವರ ವಾಕ್ಯ ತಿದ್ದುವ ಅಭ್ಯಾಸ. ರೇಡಿಯೋದವರು ವಾರಕ್ಕೊಬ್ಬರನ್ನು ಮಾತನಾಡಿಸಿ ಎಂದು ಕರೆದಾಗ ಸಂತೋಷವಾಯಿತು, ಭಯವೂ ಆಯಿತು. ಭದ್ರಾವತಿ ಆಕಾಶವಾಣಿ ಶುರುವಾದದ್ದು 1965ರಲ್ಲಿ. ನಮ್ಮಂಥವರು ಬೆಳೆದದ್ದೇ ಆ ದನಿಯಲ್ಲಿ. ಬೆಳಗ್ಗೆ ಕೊಟ್ಟಿಗೆ ಕೆಲಸದ ಹೊತ್ತಿಗೆ ಚಿಂತನ, ಮಧ್ಯಾಹ್ನ ಊಟಕ್ಕೆ ವಾರ್ತೆ. ಆಕಾಶವಾಣಿ ಎಂಬ ಹೆಸರು ಕೂಡ ನಮ್ಮ ನಾಡಿನದೇ ಅಲ್ವಾ! 1935ರಲ್ಲಿ ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲಿ ಶುರುಮಾಡಿದ ಕೇಂದ್ರಕ್ಕೆ ಇಟ್ಟ ಹೆಸರು, ಆಮೇಲೆ ಇಡೀ ದೇಶದ್ದಾಯಿತು.

ಮೊದಲ ನಮಸ್ಕಾರ ಗಾಜಿನ ಆಚೆ ಕೂತಿದ್ದ ತಂತ್ರಜ್ಞರಿಗೆ. ಮೊದಲ ದಿನ ಪಿನ್ ಹೊಡೆದ ಎಂಟು ಹಾಳೆ ಪ್ರಶ್ನೆ ಹಿಡಿದು ಹೋಗಿದ್ದೆ. ಅವರು ಪಿನ್ ತೆಗೆದು ಹಾಳೆಗಳನ್ನು ಮೇಜಿನ ಮೇಲೆ ಹರಡಿದರು. "ಮಗುಚಿದರೆ ಸದ್ದು ಬರುತ್ತೆ ಸಾರ್, ಪಕ್ಕಕ್ಕೆ ಸರಿಸಿ" ಎಂದರು. ಆಮೇಲೆ ಮೆಲ್ಲಗೆ ಇನ್ನೊಂದು ಮಾತು ಸೇರಿಸಿದರು: "ಪ್ರಶ್ನೆ ಸ್ವಲ್ಪ ಉದ್ದ ಆಯ್ತೇನೋ." ಇರುವುದು 15 ನಿಮಿಷ. ನನ್ನ ಪ್ರಶ್ನೆಯೇ ಎರಡು ನಿಮಿಷ ತಿನ್ನುತ್ತಿತ್ತು. ಆ ಮಾತು ನನಗೆ ಪೂರ್ತಿ ಅರ್ಥವಾಗಲು ಒಂದು ವರ್ಷವೇ ಬೇಕಾಯಿತು.

ಅಲ್ಲಿನ ನಿಯಮಗಳೂ ನನಗೆ ಹೊಸತು. ಯಾವ ಪಕ್ಷದ ಮೇಲೂ ಹೆಸರು ಹಿಡಿದು ದಾಳಿ ಮಾಡುವಂತಿಲ್ಲ. ಮೊದಮೊದಲು ಇದು ಕೈ ಕಟ್ಟಿದಂತೆ ಅನ್ನಿಸಿತ್ತು. ಆದರೆ ಪಕ್ಷದ ಹೆಸರು ಬಿಟ್ಟು ಮಾತನಾಡಲು ಕೂತರೆ ಉಳಿಯುವುದು ಏನು? ಗೇಣಿ, ನೀರು, ರಸ್ತೆ, ಶಾಲೆ, ಹಕ್ಕುಪತ್ರ. ರಾಜಕೀಯ ಇರುವುದು ಅಲ್ಲೇ. ಮನೆಯ ಜಗಲಿಯಲ್ಲಿ ಜಗಳವಾಡುವ ಇಬ್ಬರು ಹಿರಿಯರು ಸ್ಟುಡಿಯೋದಲ್ಲಿ ಎದುರುಬದುರು ಕೂತು ಒಂದು ಕೆರೆಯ ಬಗ್ಗೆ ಸಮಾಧಾನವಾಗಿ ಮಾತನಾಡಿದ್ದನ್ನು ನಾನು ಕಂಡಿದ್ದೇನೆ.

ಕಾಗೋಡಿನ ಕಡೆಯ ಆ ಅಜ್ಜಿಗೆ ಹೇಗೆ ಕೃತಜ್ಞತೆ ಹೇಳಲಿ? ಗೇಣಿದಾರರು ಭೂಮಾಲೀಕರ ವಿರುದ್ಧ ನಡೆಸಿದ 1951ರ ಕಾಗೋಡು ಸತ್ಯಾಗ್ರಹದ ಬಗ್ಗೆ ನಾನು ಎಷ್ಟೋ ಸಲ ಬರೆದಿದ್ದೆ. ಹೋರಾಟ ಕಟ್ಟಿದ ಎಚ್. ಗಣಪತಿಯಪ್ಪ, ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು, ಸಾಗರಕ್ಕೆ ಬಂದು ಬಂಧನಕ್ಕೊಳಗಾದ ರಾಮಮನೋಹರ ಲೋಹಿಯಾ, ಎಲ್ಲವೂ ನನಗೆ ಬಾಯಿಪಾಠ. ಅಜ್ಜಿ ಆಗ ಏಳೆಂಟು ವರ್ಷದ ಹುಡುಗಿ. ಭತ್ತ ಅಳೆಯುವ ಕೊಳಗದ ಅಳತೆಯೇ ಆ ಹೋರಾಟದ ಒಂದು ಮೂಲ. ನಾನು ಅದನ್ನು ವಿವರಿಸಲು ಹೊರಟಿದ್ದೆ. ಅಜ್ಜಿ ನನ್ನ ಕೈ ಹಿಡಿದು ನಿಲ್ಲಿಸಿದರು. "ಕೊಳಗ ಅವರದ್ದು, ಅಳೆಯೋರೂ ಅವರೇ. ನಮ್ಮಪ್ಪ ಎಣಿಸ್ತಾ ನಿಲ್ಲೋದು ಅಷ್ಟೇ ತಮ್ಮಾ" ಎಂದರು. ಆಮೇಲೆ ಅಪ್ಪ ಎಣಿಸುತ್ತಿದ್ದ ದನಿಯಲ್ಲೇ ಎಣಿಸಿ ತೋರಿಸಿದರು. ಹನ್ನೊಂದಕ್ಕೆ ಬರುವ ಹೊತ್ತಿಗೆ ಆ ದನಿ ತಗ್ಗಿತು. ಅಪ್ಪನೂ ಅಲ್ಲಿಗೇ ಸುಮ್ಮನಾಗುತ್ತಿದ್ದರಂತೆ. ನನ್ನ ಯಾವ ಲೇಖನದಲ್ಲೂ ಆ ಹನ್ನೊಂದು ಇರಲಿಲ್ಲ.

ಅದೇ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಸತ್ಯಾಗ್ರಹಕ್ಕೆ ಎರಡು ವರ್ಷ ಮೊದಲು, 1949ರಲ್ಲಿ, ನೀನಾಸಂ ಎಂಬ ನಾಟಕ ಸಂಸ್ಥೆ ಹುಟ್ಟಿತ್ತು. ನಾಟಕ ಆಡುವವರೂ ಗೇಣಿಯ ವಿರುದ್ಧ ಎದ್ದವರೂ ಓಡಾಡಿದ್ದು ಒಂದೇ ರಸ್ತೆಯಲ್ಲಿ. ಇಲ್ಲಿ ರಾಜಕೀಯ ಬೇರೆ, ಸಂಸ್ಕೃತಿ ಬೇರೆ ಎಂದು ನನಗೆ ಯಾವತ್ತೂ ಅನ್ನಿಸಿಲ್ಲ. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಕಳೆದುಕೊಂಡ ಒಬ್ಬರು ಬಂದಿದ್ದರು. ಕಂಬ, ಬಾಗಿಲು, ದೇವರ ಪೀಠ ಎಲ್ಲವನ್ನೂ ಗಾಡಿಯಲ್ಲಿ ಹೇರಿಕೊಂಡು ಬಂದರಂತೆ. "ಬಾವಿ ಒಂದನ್ನ ತರಕ್ಕೆ ಆಗ್ಲಿಲ್ಲ" ಎಂದು ಹೇಳಿ ಅವರು ಸುಮ್ಮನಾದರು. ತಂತ್ರಜ್ಞರು ಆ ಮೌನವನ್ನು ಕತ್ತರಿಸದೆ ಹಾಗೇ ಬಿಟ್ಟರು. ಅದಕ್ಕೂ ಅವರಿಗೆ ನಮಸ್ಕಾರ.

ಹೋದ ವರ್ಷ ನನ್ನ ಗಂಟಲು ಕೈಕೊಟ್ಟಿತು. ಸಣ್ಣದೊಂದು ಗಂಟು. ಶಸ್ತ್ರಚಿಕಿತ್ಸೆ ಆಯಿತು. ವೈದ್ಯರು ಮಾತು ಪೂರ್ತಿ ಬಿಡಿ ಎಂದರು. ದನಿ ಮತ್ತೆ ಬರುತ್ತದೋ ಇಲ್ಲವೋ ಎಂದು ಒಳಗೊಳಗೇ ಹೆದರಿದ್ದೆ. ಹತ್ತು ವಾರಗಳ ಕಾಲ ನಮ್ಮ ಪತ್ರಿಕೆಯ ಗೆಳತಿಯೊಬ್ಬರು ನನ್ನ ಜಾಗದಲ್ಲಿ ಕೂತು ಪ್ರಶ್ನೆ ಕೇಳಿದರು. ನಾನು ಪಕ್ಕದಲ್ಲಿ ಕೂತು ಚೀಟಿ ಬರೆದುಕೊಡುತ್ತಿದ್ದೆ. ಚೀಟಿಯಲ್ಲಿ ಎಷ್ಟು ತಾನೇ ಬರೆಯಲಾಗುತ್ತದೆ? "ಆಮೇಲೆ?" "ಅಮ್ಮ ಏನಂದರು?" ಅಷ್ಟೇ. ಆ ಹತ್ತು ಮಾತುಕತೆಗಳೇ ನೂರರಲ್ಲಿ ಅತ್ಯಂತ ಒಳ್ಳೆಯವು. ಬಂದವರು ಮನಸ್ಸು ಬಿಚ್ಚಿ ಮಾತನಾಡಿದರು. ಆ ಗೆಳತಿಗೆ ನಾನು ಎಷ್ಟು ಋಣಿಯೋ ಹೇಳಲಾರೆ. ನನ್ನ ಜಾಗ ಕಾದುಕೊಟ್ಟರು, ಜೊತೆಗೆ ಕೇಳಿಸಿಕೊಳ್ಳುವುದನ್ನು ಕಲಿಸಿದರು.

ಆ ದಿನಗಳಲ್ಲಿ ಬಂದ ಕಾರ್ಡುಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ. 50 ಪೈಸೆಯ ಕಾರ್ಡಿನಲ್ಲಿ ಒಬ್ಬರು ಗಂಟಲಿಗೆ ಕಷಾಯ ಮಾಡುವ ಬಗೆ ಬರೆದಿದ್ದರು. ತೀರ್ಥಹಳ್ಳಿ ಕಡೆಯಿಂದ ಅಡಿಕೆ ಸುಲಿಯಲು ಹೋಗುವ ತಾಯಿಯೊಬ್ಬರು ಮಗಳ ಕೈಯಲ್ಲಿ ಬರೆಸಿದ್ದ ಕಾರ್ಡು ನನಗೆ ಜಾಸ್ತಿ ಮುಖ್ಯ. ಸುಲಿಯುವಾಗ ಎಲ್ಲರೂ ನಿಮ್ಮದನ್ನು ಕೇಳುತ್ತೇವೆ, ದೊಡ್ಡ ದೊಡ್ಡ ಶಬ್ದ ಬಂದರೆ ಹಾಡಿಗೆ ತಿರುಗಿಸುತ್ತೇವೆ ಎಂದಿತ್ತು. ತಾಯಿ, ಅವತ್ತಿನಿಂದ ಆ ಶಬ್ದಗಳನ್ನು ಬಿಡುತ್ತಾ ಬಂದಿದ್ದೇನೆ. ನೀವು ಹಾಡಿಗೆ ತಿರುಗಿಸದೆ ಉಳಿದ ದಿನಗಳಿಗೆ ನನ್ನ ಕೈಮುಗಿದ ವಂದನೆ.

ಬಂದು ಮಾತನಾಡಿದ ನೂರೂ ಜನರಿಗೆ, ಅವರನ್ನು ಮಳೆಯಲ್ಲಿ ಬಸ್ಸು ಹತ್ತಿಸಿ ಕಳಿಸಿದ ಮನೆಯವರಿಗೆ, ಪತ್ರಿಕೆ ತಡವಾದಾಗಲೂ ಚಂದಾ ಕಟ್ಟಿದವರಿಗೆ, ಹತ್ತು ವಾರ ನನ್ನ ಸನ್ನೆಗಳನ್ನು ಓದಿದ ನನ್ನ ಹೆಂಡತಿಗೆ, ಎಲ್ಲರಿಗೂ ನಾನು ಋಣಿ.

ಬರುವ ಗುರುವಾರ ನೂರಾ ಒಂದನೆಯದರ ಧ್ವನಿಮುದ್ರಣ ಇದೆ. ತುಮರಿ ಕಡೆಯವರೊಬ್ಬರು ಬರುತ್ತಾರೆ. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ 2.44 ಕಿಲೋಮೀಟರ್ ಉದ್ದದ ಸೇತುವೆ ತೆರೆಯುವವರೆಗೆ ಸಾಗರಕ್ಕೆ ಬರಲು ಅವರು ಲಾಂಚಿಗೆ ಕಾಯುತ್ತಿದ್ದವರು. ಒಂದೇ ಪ್ರಶ್ನೆ ಬರೆದಿಟ್ಟುಕೊಂಡಿದ್ದೇನೆ: "ಕೊನೆಯ ಸಲ ಲಾಂಚ್ ಹತ್ತಿದಾಗ ಜೊತೆಗೆ ಯಾರಿದ್ದರು?"