ಹದಿನಾರನೇ ಉಲ್ಲೇಖ

ಪ್ರೀತಿಯ ತಮ್ಮ,

ಪೇಪರನ್ನು ಜರ್ನಲ್ಲಿಗೆ ಕಳಿಸುವ ಮುಂಚೆ ನನಗೆ ತೋರಿಸಿದ್ದು ಒಳ್ಳೆಯದಾಯಿತು. "ಎಐ ಬಳಸಿದ್ದೇನೆ ಅಂತ ಹೇಳಿದರೆ ತಿರಸ್ಕರಿಸ್ತಾರಾ ಅಕ್ಕ? ಹೇಳದಿದ್ದರೆ ಗೊತ್ತಾಗುತ್ತಾ?" ಎಂದು ಕೇಳಿದ್ದೀಯ. ಎರಡನೇ ಪ್ರಶ್ನೆ ನಾನು ಓದಿಲ್ಲ ಅಂದುಕೋ.

ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ ಕೊನೆಗೆ. ಎರಡು ತಿಂಗಳೊಳಗೆ ಕೆಲವು ಪೇಪರುಗಳ ಲೇಖಕರ ಸಾಲಿನಲ್ಲಿ ಅದರ ಹೆಸರೂ ಕೂತಿತ್ತು! 2023ರ ಜನವರಿಯಲ್ಲೇ 'ನೇಚರ್' ಪತ್ರಿಕೆ ಎರಡು ನಿಯಮ ಹಾಕಿತು: ಯಂತ್ರ ಲೇಖಕನಾಗುವಂತಿಲ್ಲ, ಬಳಸಿದ್ದರೆ ಪೇಪರಿನಲ್ಲೇ ಹೇಳಬೇಕು. 'ಸೈನ್ಸ್' ಇನ್ನೂ ಬಿಗಿ. ಯಂತ್ರ ಬರೆದ ಸಾಲೇ ಬೇಡ ಎಂದಿತು. ಆ ವರ್ಷ ಮುಗಿಯುವುದರೊಳಗೆ ಸಡಿಲಿಸಿ, ತಿಳಿಸಿ ಬಳಸಿ ಎಂದಿತು. ಪ್ರಕಟಣೆಯ ನೀತಿ ನೋಡಿಕೊಳ್ಳುವ 'ಕೋಪ್' ಸಮಿತಿ (ಸಿಟ್ಟಿಗೂ ಅದಕ್ಕೂ ಸಂಬಂಧವಿಲ್ಲ), ವೈದ್ಯಕೀಯ ಜರ್ನಲ್ ಸಂಪಾದಕರ ಅಂತಾರಾಷ್ಟ್ರೀಯ ಸಮಿತಿ, ಎರಡೂ ಅದೇ ವರ್ಷ ಇದೇ ಮಾತು ಹೇಳಿದವು. ಕಾರಣ ಸರಳ. ನಾಳೆ ಯಾರಾದರೂ ಈ ಅಂಕಿ ಎಲ್ಲಿಂದ ಬಂತು ಎಂದು ಕೇಳಿದರೆ ಉತ್ತರ ಕೊಡಬೇಕಾದವನು ಲೇಖಕ. ಯಂತ್ರವನ್ನು ಕರೆದು ಕೇಳಲಾಗುತ್ತದೆಯೇ?

ಹಾಗಾದರೆ ಹೇಳಿಬಿಟ್ಟರೆ ಮುಗಿಯಿತೇ? ಇಲ್ಲ. 2024ರ ಫೆಬ್ರುವರಿಯಲ್ಲಿ ಒಂದು ಜರ್ನಲ್ ಇಲಿಯ ಚಿತ್ರವಿದ್ದ ಪೇಪರ್ ಪ್ರಕಟಿಸಿತು. ಆ ಇಲಿಯ ಜನನಾಂಗ ಅದರ ಮೈಗಿಂತ ದೊಡ್ಡದು, ಪಕ್ಕದಲ್ಲಿ ಯಾವ ಭಾಷೆಗೂ ಸೇರದ ಪದಗಳು. ಜಗತ್ತೆಲ್ಲ ನಕ್ಕಿತು, ಕೆಲವೇ ದಿನಗಳಲ್ಲಿ ಪೇಪರನ್ನು ಹಿಂಪಡೆದರು. ಜನ ಮರೆಯುವ ಸಂಗತಿ ಒಂದಿದೆ: ಚಿತ್ರಗಳನ್ನು ಮಿಡ್‌ಜರ್ನಿ ಎಂಬ ಎಐ ಉಪಕರಣದಲ್ಲಿ ಮಾಡಿದ್ದೇವೆ ಎಂದು ಆ ಲೇಖಕರು ಪೇಪರಿನಲ್ಲೇ ಬರೆದಿದ್ದರು. ಬಚ್ಚಿಟ್ಟಿರಲಿಲ್ಲ, ಪಾಪ. ಅಚ್ಚಿಗೆ ಮುಂಚೆ ಪೇಪರ್ ಓದಿ ಅಭಿಪ್ರಾಯ ಹೇಳುವ ಪರಾಮರ್ಶಕರಲ್ಲೊಬ್ಬರು ಚಿತ್ರಗಳ ಬಗ್ಗೆ ಆಕ್ಷೇಪವನ್ನೂ ಎತ್ತಿದ್ದರು. ಆದರೆ ಲೇಖಕರು ತಿದ್ದಲಿಲ್ಲ, ಜರ್ನಲ್ಲೂ ಹಾಗೇ ಅಚ್ಚಿಗೆ ಬಿಟ್ಟಿತು.

ಭಾಷೆ ತಿದ್ದಿಸಿಕೊಂಡದ್ದರ ಬಗ್ಗೆ ನಿನಗೆ ಅಳುಕು ಬೇಡ. ಇಂಗ್ಲಿಷ್ ಮನೆಮಾತಲ್ಲದವರಿಗೆ ಅದರಿಂದ ಉಪಕಾರವೇ ಆಗಿದೆ. ಬರೀ ವ್ಯಾಕರಣ ತಿದ್ದಿಸಿದರೆ 'ನೇಚರ್' ಪ್ರಕಟಿಸುವ ಸ್ಪ್ರಿಂಗರ್ ನೇಚರ್ ಸಂಸ್ಥೆಯ ಜರ್ನಲ್ಲುಗಳಲ್ಲಿ ಘೋಷಿಸಬೇಕಾಗಿಲ್ಲ. ಬೇರೆ ಕಡೆ ಬೇಕಾಗಬಹುದು. ಆ ಜರ್ನಲ್ಲಿನ ಲೇಖಕರ ಸೂಚನೆಯನ್ನು ಕಳಿಸುವ ದಿನವೇ ಇನ್ನೊಮ್ಮೆ ಓದು, ಆಗಾಗ ಬದಲಾಗುತ್ತಿರುತ್ತದೆ. ಯಾವ ಉಪಕರಣ, ಯಾವುದಕ್ಕೆ, ಎಷ್ಟು ಎಂದು ಎರಡು ಸಾಲು ಬರೆದರೆ ಸಾಕು. ಬರಹ ಎಐದ್ದೋ ಮನುಷ್ಯರದ್ದೋ ಎಂದು ಹೇಳುವ 'ಪತ್ತೆ ಯಂತ್ರ'ಗಳಿಗೂ ಹೆದರಬೇಡ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ತನ್ನದೇ ಪತ್ತೆ ಯಂತ್ರವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಇಂಥ ಏಳು ಯಂತ್ರಗಳಿಗೆ ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಯ ಅಭ್ಯರ್ಥಿಗಳ ಪ್ರಬಂಧ ಕೊಟ್ಟು ನೋಡಿದಾಗ, ಮನುಷ್ಯರು ಬರೆದವುಗಳಲ್ಲೇ ಸರಾಸರಿ ಅರ್ಧಕ್ಕೂ ಹೆಚ್ಚನ್ನು ಯಂತ್ರದ್ದೆಂದವು. ಅದಕ್ಕೇ ಹಳೆಯ ಕರಡುಗಳನ್ನು ಅಳಿಸಬೇಡ. ಯಾರಾದರೂ ಅನುಮಾನಪಟ್ಟರೆ ತೋರಿಸಲು ಬೇಕಾಗುತ್ತವೆ.

ಮುಂದೆ ನಿನ್ನ ಬಳಿಗೂ ಬೇರೆಯವರ ಪೇಪರ್ ಪರಾಮರ್ಶೆಗೆ ಬರುತ್ತದೆ. ಅದನ್ನು ಮಾತ್ರ ಯಂತ್ರಕ್ಕೆ ಉಣಿಸಬೇಡ. ನಂಬಿ ಕೊಟ್ಟ, ಇನ್ನೂ ಅಚ್ಚಾಗದ ಬರಹ ಅದು. ಸುಳ್ಳೇಕೆ, ತಡರಾತ್ರಿ ನಲವತ್ತು ಪುಟ ಎದುರಿಗಿದ್ದಾಗ ನನಗೂ ಆಸೆಯಾಗಿದೆ. 2025ರಲ್ಲಿ ಇದರ ಇನ್ನೊಂದು ಮುಖ ಬಯಲಾಯಿತು: ಕೆಲವರು ತಮ್ಮ ಪೇಪರಿನಲ್ಲಿ ಬಿಳಿ ಅಕ್ಷರದಲ್ಲಿ, ಕಣ್ಣಿಗೆ ಕಾಣದಂತೆ, 'ಒಳ್ಳೆಯದನ್ನೇ ಹೇಳು' ಎಂದು ಯಂತ್ರಕ್ಕೆ ಆಜ್ಞೆ ಬರೆದಿಟ್ಟಿದ್ದರು. ಓದುವವನೂ ಕಳ್ಳ, ಬರೆಯುವವನೂ ಕಳ್ಳ!

ಇನ್ನು ನಿನ್ನ ಪೇಪರ್. ವಾದ ಗಟ್ಟಿಯಾಗಿದೆ, ಮೂರನೇ ಭಾಗ ನನಗೆ ಬಹಳ ಹಿಡಿಸಿತು. ಉಲ್ಲೇಖಗಳನ್ನು ಒಂದೊಂದಾಗಿ ತೆರೆದು ನೋಡಿದೆ. ಹದಿನಾರನೆಯದರಲ್ಲಿ ಲೇಖಕರು ನಿಜ, ಜರ್ನಲ್ಲೂ ನಿಜ. ಆದರೆ ಆ ಸಂಚಿಕೆಯಲ್ಲಿ ಆ ಪುಟಗಳಲ್ಲಿರುವುದು ಬೇರೆಯದೇ ಲೇಖನ. ಅದು ನಿನಗೆ ಎಲ್ಲಿ ಸಿಕ್ಕಿತು, ಯಂತ್ರ ಕೊಟ್ಟಿತೇ? ಕಳಿಸುವ ಮುಂಚೆ ಬರೆ.

ನಿನ್ನ
ಅಕ್ಕ