ನಮ್ಮೂರ ಮಳೆ ಲೆಕ್ಕಕ್ಕೆ ನಿಮ್ಮದೊಂದು ಕೈ ಸೇರಲಿ

ಊರಿನ ಬಂಧುಗಳಿಗೆ, ಹಳೆಯ ವಿದ್ಯಾರ್ಥಿಗಳಿಗೆ ನಮಸ್ಕಾರ.

ಮಂಡ್ಯ ತಾಲ್ಲೂಕಿನ ನಮ್ಮ ಸರ್ಕಾರಿ ಪ್ರೌಢಶಾಲೆಗೆ ಬೆಳಿಗ್ಗೆ ಎಂಟೂವರೆಗೆ ಬಂದು ನೋಡಿ. ಒಂಬತ್ತನೇ ಕ್ಲಾಸಿನ ಇಬ್ಬರು ಮಕ್ಕಳು ಮೈದಾನದಲ್ಲಿ ಮಳೆಮಾಪಕದ ಮುಂದೆ ಬಗ್ಗಿ ನಿಂತಿರುತ್ತಾರೆ. ಹವಾಮಾನ ಇಲಾಖೆಯವರು ದಿನದ ಮಳೆ ಅಳೆಯುವುದೂ ಇದೇ ಹೊತ್ತಿಗೆ. ಒಬ್ಬಳು ಅಳತೆ ಕೂಗುತ್ತಾಳೆ, ಇನ್ನೊಬ್ಬ ನೋಟ್‌ಬುಕ್ಕಿಗೆ ಬರೆಯುತ್ತಾನೆ. ಆ ನೋಟ್‌ಬುಕ್ಕೇ ಈಗ ನಮ್ಮ ಕಂಪ್ಯೂಟರ್ ಪಾಠ.

ಮೊದಲೆಲ್ಲ ನಾನು ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆಯ ಪ್ರೋಗ್ರಾಂ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಮಕ್ಕಳು ಸುಮ್ನೆ ಇಳಿಸಿಕೊಳ್ಳುತ್ತಿದ್ದರು, ವಾರದಲ್ಲಿ ಮರೆಯುತ್ತಿದ್ದರು. ಮಳೆ ಲೆಕ್ಕ ಶುರುವಾದ ಮೇಲೆ ಹಾಗಿಲ್ಲ. ದಿನಕ್ಕೆ 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಬಿದ್ದರೆ ಮಾತ್ರ ಇಲಾಖೆಯ ಲೆಕ್ಕದಲ್ಲಿ ಅದು ಮಳೆ ದಿನ. ಈ ಮಾತನ್ನು ಕಂಪ್ಯೂಟರಿಗೆ ಹೇಗೆ ಹೇಳ್ತೀರಿ ಅಂತ ಕೇಳಿದೆ. 'ಹೀಗಿದ್ದರೆ ಹೀಗೆ ಮಾಡು' ಅಂತ ಕಂಪ್ಯೂಟರಿಗೆ ಹೇಳುವ 'ಇಫ್' ಅಂದರೇನು ಅಂತ ಮತ್ತೆ ಬಿಡಿಸಿ ಹೇಳಬೇಕಾಗಲಿಲ್ಲ.

ಒಂದು ಸೋಮವಾರ ನಡೆದದ್ದನ್ನು ಹೇಳಲೇಬೇಕು. ಭಾನುವಾರ ರಜೆ, ಯಾರೂ ಅಳೆದಿರಲಿಲ್ಲ. ಹುಡುಗನೊಬ್ಬ ಆ ಜಾಗಕ್ಕೆ ಸೊನ್ನೆ ತುಂಬಿದ. "ಸೊನ್ನೆ ಅಂದ್ರೆ ಮಳೆ ಬಂದಿಲ್ಲ ಅಂತ ಕಣೋ. ನಾವು ನೋಡೇ ಇಲ್ವಲ್ಲ" ಅಂದಳು ಹಿಂದಿನ ಬೆಂಚಿನ ಹುಡುಗಿ. ಖಾಲಿ ಬಿಟ್ಟರೆ ಪ್ರೋಗ್ರಾಂ ಅರ್ಧಕ್ಕೇ ನಿಲ್ಲುತ್ತಿತ್ತು. ಸೊನ್ನೆ ಹಾಕಿದರೆ ಓಡುತ್ತಿತ್ತು, ಆದರೆ ಸುಳ್ಳು ಹೇಳುತ್ತಿತ್ತು. ಅಷ್ಟರಲ್ಲಿ ಇನ್ನೊಬ್ಬ ಎದ್ದ: "ಮಿಸ್, ಇವತ್ತಿನ ಅಳತೇಲಿ ಎರಡು ದಿನದ ನೀರು ಸೇರಿದೆ ಅಲ್ವಾ?" ನಾನು ಪಾಠದ ಪುಸ್ತಕ ಮುಚ್ಚಿಟ್ಟೆ. ಎರಡು ಪಿರಿಯಡ್ ಇದೇ ಮಾತು. ಅವತ್ತಿನಿಂದ ಶಾಲೆ ಪಕ್ಕದ ಮನೆಯ ಹುಡುಗಿ ಭಾನುವಾರವೂ ಬಂದು ಅಳೆದು ಹೋಗುತ್ತಾಳೆ. ಯಾರೂ ಹೇಳಿದ್ದಲ್ಲ.

ಮನೆಯಲ್ಲೂ ಇದರ ಮಾತು ನಡೆಯುತ್ತಿದೆ. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಅಂತ ಅಜ್ಜಿ ಹೇಳುತ್ತಾರೆ, ತಿಂಗಳ ಲೆಕ್ಕ ತೋರಿಸಿದರೆ ಅವರಿಗೆ ಹಿಡಿಸುವುದಿಲ್ಲ. ಅದಕ್ಕೇ ಮಕ್ಕಳು ಪಂಚಾಂಗ ತಂದು, ಭರಣಿಯಿಂದ ಸ್ವಾತಿಯವರೆಗೆ ಮಳೆ ನಕ್ಷತ್ರದ ಲೆಕ್ಕದಲ್ಲಿ ಕೂಡುವ ಪ್ರೋಗ್ರಾಂ ಬರೆಯುತ್ತಿದ್ದಾರೆ. ಒಂದು ಮಿಲಿಮೀಟರ್ ಮಳೆ ಅಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು. ಕಬ್ಬು, ಭತ್ತ ಬೆಳೆಯುವ ಅಪ್ಪಂದಿರಿಗೆ ಈ ಲೆಕ್ಕ ಬೇಗ ಹತ್ತಿತು.

ಈಗ ನಮ್ಮ ಕಷ್ಟ. ಮಕ್ಕಳು 31, ನಡೆಯುತ್ತಿರುವ ಕಂಪ್ಯೂಟರ್ 3. ಕರೆಂಟ್ ಹೋದರೆ ಬರೆದದ್ದೂ ಹೋಗುತ್ತದೆ. ದಸರಾ ರಜೆಯಲ್ಲಿ ಅಳತೆ ತಪ್ಪುತ್ತದೆ, ಆ ಹುಡುಗಿಯೊಬ್ಬಳ ಮೇಲೇ ಎಲ್ಲ ಹೊರಿಸುವುದು ಸರಿಯಲ್ಲ.

ಎಂಟು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ಗೆ 1,20,000 ರೂಪಾಯಿ, ಯುಪಿಎಸ್ ಮತ್ತು ಬ್ಯಾಟರಿಗೆ 22,000, ತಾನಾಗಿಯೇ ಮಳೆ, ಬಿಸಿಲು, ತೇವಾಂಶ ದಾಖಲಿಸುವ ಸೆನ್ಸರ್ ಸೆಟ್ಟಿಗೆ 18,000 ಬೇಕು. ಪೈಥಾನ್ ಉಚಿತ, ಅದಕ್ಕೆ ಖರ್ಚಿಲ್ಲ. ಥರ್ಮಾಮೀಟರ್ ಇಡಲು ಗಾಳಿಯಾಡುವ ಬಿಳಿ ಪೆಟ್ಟಿಗೆ ಬೇಕು ಅಂದಾಗ ಊರಿನ ಬಡಗಿಯೊಬ್ಬರು "ಕೂಲಿ ಬೇಡ, ಮರ ಕೊಡಿಸಿ ಸಾಕು ಮೇಡಂ" ಅಂದರು. ಮರವೂ ಬಂದಿದೆ.

ನೂರು ರೂಪಾಯಿಯಾದರೂ ಸರಿ, ನಿಮ್ಮ ಮನೆಯಲ್ಲಿ ಸುಮ್ನೆ ಕೂತಿರುವ, ಚೆನ್ನಾಗಿ ನಡೆಯುವ ಲ್ಯಾಪ್‌ಟಾಪ್ ಆದರೂ ಸರಿ. ಹಣವನ್ನು ದಯವಿಟ್ಟು ಯಾರ ಕೈಗೂ ಕೊಡಬೇಡಿ. ಶಾಲಾಭಿವೃದ್ಧಿ ಸಮಿತಿಯ ಬ್ಯಾಂಕ್ ಖಾತೆಗೇ ಹಾಕಿ, ವಿವರ ಶಾಲೆಯ ಆಫೀಸಿನಲ್ಲಿ ಸಿಗುತ್ತದೆ. ಪ್ರತಿ ದೇಣಿಗೆಗೂ ರಸೀದಿ ಕೊಡುತ್ತೇವೆ. ಖರ್ಚಿನ ಲೆಕ್ಕ ಶಾಲೆಯ ನೋಟಿಸ್ ಬೋರ್ಡಿನಲ್ಲಿ ಇರುತ್ತದೆ, ಮಳೆ ಲೆಕ್ಕದ ಪಕ್ಕದಲ್ಲೇ.

ಗಣಿತ ಶಿಕ್ಷಕಿ,
ಶಾಲಾಭಿವೃದ್ಧಿ ಸಮಿತಿಯ ಪರವಾಗಿ