ಆಹಾರ ಸಚಿವರೇ, ನಮ್ಮ ಕಾರ್ಡಿಗೆ ಬೇಳೆ ಕೊಡಿ

ಜುಲೈ 2024

ಮಾನ್ಯ ಆಹಾರ ಸಚಿವರಿಗೆ,

ಕಲಬುರಗಿ ಜಿಲ್ಲೆಯ ರೈತ ಹೆಣ್ಣುಮಗಳ ನಮಸ್ಕಾರ.

ನಮ್ಮದು ಎರಡು ಎಕರೆ ಒಣಭೂಮಿ. ಕಳೆದ ವರ್ಷ ಬಿತ್ತಿದ ತೊಗರಿ ಹೂವಿಗೆ ಬಂದಾಗಲೇ ಒಣಗಿತು. ಸರ್ಕಾರವೇ 223 ತಾಲ್ಲೂಕುಗಳಲ್ಲಿ ಬರ ಅಂತ ಸಾರಿದ ವರ್ಷ ಅದು, ನಿಮಗೆ ಗೊತ್ತೇ ಇದೆ. ನಮ್ಮ ಜಿಲ್ಲೆಯನ್ನು ತೊಗರಿ ಕಣಜ ಅಂತಾರೆ. ಈಗ ಇಲ್ಲೇ ಕಿರಾಣಿ ಅಂಗಡಿಯಲ್ಲಿ ತೊಗರಿ ಬೇಳೆ ಕೆಜಿಗೆ 170-180 ರೂಪಾಯಿ. ನಾನು ಕಾಲು ಕೆಜಿ ತರುತ್ತೇನೆ. ಐದು ಜನರಿಗೆ ವಾರಪೂರ್ತಿ ಅಷ್ಟೇ.

ಪುಂಡಿಪಲ್ಯಕ್ಕೆ ಮೊದಲು ಎರಡು ಹಿಡಿ ಬೇಳೆ ಹಾಕುತ್ತಿದ್ದೆ. ಈಗ ಬರೀ ಜೋಳದ ನುಚ್ಚು. ಸಾರು ಮಾಡಿದ ದಿನ ನನ್ನ ಆರು ವರ್ಷದ ಮಗ ಸೌಟನ್ನು ಪಾತ್ರೆಯ ತಳಕ್ಕೆ ಬಿಟ್ಟು ತಿರುವುತ್ತಾನೆ, ಬೇಳೆ ಸಿಗುತ್ತಾ ಅಂತ. ಸಿಕ್ಕಿದ್ದರಲ್ಲಿ ತಂಗಿಗೂ ಒಂದಿಷ್ಟು ಹಾಕುತ್ತಾನೆ. ನಾನು ಖಾರದ ಹಿಂಡಿ ಹಚ್ಚಿಕೊಂಡು ರೊಟ್ಟಿ ತಿಂದು ಏಳುತ್ತೇನೆ. ರಕ್ತ 8ಕ್ಕೆ ಇಳಿದಿದೆ, ಬೇಳೆ, ಮೊಟ್ಟೆ, ಸೊಪ್ಪು ತಿನ್ನಿ ಅಂತ ಡಾಕ್ಟರ್ ಹೇಳಿದರು. ಯಾವ ದುಡ್ಡಲ್ಲಿ ತಿನ್ನಲಿ ಸ್ವಾಮಿ? ನಾನೊಬ್ಬಳೇ ಅಲ್ಲ. ರಾಜ್ಯದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತ ಕಡಿಮೆ ಇದೆ ಅಂತ 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳಿದೆ.

ಕಳೆದ ತಿಂಗಳು ರೇಷನ್ ಅಂಗಡಿಯಲ್ಲಿ ಬೇಳೆ ಯಾವಾಗ ಕೊಡ್ತೀರಿ ಅಂತ ಕೇಳಿದೆ. "ಪುಕ್ಕಟೆ ಅಕ್ಕಿ ತಿಂತೀರಿ, ಬೇಳೆ ಬೇರೆ ಬೇಕಾ?" ಅಂದರು. ಸಾಲಿನಲ್ಲಿದ್ದವರೆಲ್ಲ ತಲೆ ತಗ್ಗಿಸಿದರು. ತೊಗರಿ ಬೆಳೆಯೋ ಕೈಗಳು ಅವು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಈ ಪತ್ರ ಬರೆಯಲು ಕೂತಿದ್ದು ಅದಕ್ಕೇ.

ಪುಕ್ಕಟೆ ಅಕ್ಕಿ ಜೊತೆಗೆ ಕೊಡಬೇಕಿದ್ದ ಹೆಚ್ಚುವರಿ ಅಕ್ಕಿ ಬದಲು ತಿಂಗಳಿಗೆ ತಲೆಗೆ 170 ರೂಪಾಯಿ ಖಾತೆಗೆ ಹಾಕುತ್ತೀರಿ, ಇಲ್ಲ ಅನ್ನಲ್ಲ. ಆದರೆ ಸಾಲ ಇರುವ ಮನೆಯಲ್ಲಿ ದುಡ್ಡು ಅಡುಗೆಮನೆಗೆ ಬರಲ್ಲ. ಸಂಘದ ಕಂತಿಗೆ ಹೋಗುತ್ತದೆ. ಕಂತು ತಪ್ಪಿದರೆ ಸಂಘದವರು ಬಾಗಿಲಲ್ಲೇ ಬಂದು ಕೂರುತ್ತಾರೆ. ಬೇಳೆಯನ್ನೇ ಕೊಟ್ಟರೆ ಅದು ಸೀದಾ ಒಲೆ ಮೇಲೆ ಹೋಗುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಕೇಂದ್ರ ಸರ್ಕಾರ ಕಾರ್ಡಿಗೆ ತಿಂಗಳಿಗೆ 1 ಕೆಜಿ ಬೇಳೆಕಾಳು ಕೊಟ್ಟಿತ್ತು. ನವೆಂಬರ್‌ಗೆ ನಿಂತೇ ಹೋಯಿತು. ಅವತ್ತು ಆಗಿದ್ದು ಇವತ್ತು ಯಾಕೆ ಆಗಲ್ಲ?

ಕಾರ್ಡಿಗೆ ತಿಂಗಳಿಗೆ 2 ಕೆಜಿ ತೊಗರಿ ಬೇಳೆ ಕೊಡಿ. ದುಡ್ಡು ಬೇಡ, ಬೇಳೆ ಕೊಡಿ. ನಮ್ಮ ರೈತರ ಹತ್ತಿರವೇ ಕೊಂಡು ಕೊಡಿ. ಅದನ್ನು ಕೇಳಿದವರಿಗೆ ಅಂಗಡಿಯಲ್ಲಿ ಯಾರೂ ಹಾಗೆ ಮಾತಾಡದ ಹಾಗೆ ಕೊಡಿ.

ಮುಂದಿನ ತಿಂಗಳ ರೇಷನ್ ಬರುವ ಮೊದಲು ನಿಮ್ಮ ಉತ್ತರ ಬೇಕು.

ಇಂತಿ,
ಐದು ಜನರ ಕಾರ್ಡಿನ ಒಬ್ಬ ತಾಯಿ